ಗೋಡೆ ಏಳುವ ಮುನ್ನ ಇಂಗಾಲದ ಲೆಕ್ಕ

ಬೆಳಗಾವಿಯಿಂದ ವೆಂಗುರ್ಲಾ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ, ಊರು ಮುಗಿಯಿತು ಎನ್ನುವಷ್ಟರಲ್ಲಿ ಹಿಂಡಲಗಾ ಬರುತ್ತದೆ. ಹೊರಗಿನವರಿಗೆ ಅದು ಕೇಂದ್ರ ಕಾರಾಗೃಹದ ಊರು. ಅಲ್ಲಿರುವವರಿಗೆ ಅದು ದಿನದಿನಕ್ಕೂ ಬೆಳೆಯುತ್ತಿರುವ ಬಡಾವಣೆ. ಇಂಥ ಊರುಗಳಲ್ಲಿ ಹೊಸ ಮನೆಯೊಂದನ್ನು ನೋಡಿ. ಮೊದಲು ಕಾಲಂಗಳು ಏಳುತ್ತವೆ, ಅವುಗಳ ನಡುವೆ ಇಟ್ಟಿಗೆಯ ಗೋಡೆ ತುಂಬುತ್ತದೆ, ಮೇಲೆ ಸ್ಲ್ಯಾಬ್ ಬೀಳುತ್ತದೆ. ಸ್ಲ್ಯಾಬಿನ ಮೇಲೆ ಕಬ್ಬಿಣದ ಸಳಿಗಳು ಆಕಾಶ ನೋಡುತ್ತ ನಿಂತಿರುತ್ತವೆ. ಮುಂದೆಂದಾದರೂ ಮಹಡಿ ಕಟ್ಟಬಹುದು ಎಂಬ ಆಸೆಯ ಗುರುತು ಅವು.

ಗೃಹಪ್ರವೇಶಕ್ಕೆ ಹೋದವರೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ: "ಎಷ್ಟು ಖರ್ಚಾಯಿತು?" ಮನೆಯ ಯಜಮಾನರು ರೂಪಾಯಿಯಲ್ಲಿ ಉತ್ತರ ಹೇಳುತ್ತಾರೆ. ಇನ್ನೊಂದು ಖರ್ಚೂ ಆಗಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಆ ಮನೆಗಾಗಿ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿತು? ಈ ಲೆಕ್ಕವನ್ನು ಒಂಬತ್ತನೆಯ ತರಗತಿಯ ಗಣಿತ ಬಲ್ಲ ಯಾರಾದರೂ ಮಾಡಬಹುದು. ಆದರೆ ಗೋಡೆ ಎದ್ದ ಮೇಲೆ ಮಾಡಿದರೆ ಪ್ರಯೋಜನ ಕಡಿಮೆ. ನಕ್ಷೆ ಇನ್ನೂ ಪೆನ್ಸಿಲಿನಲ್ಲಿ ಇರುವಾಗಲೇ ಮಾಡಬೇಕು. ಏಕೆ ಎಂಬುದನ್ನು ಈಗ ನೋಡೋಣ. ಪರದೆಯ ಮೇಲೆ ಅಂಕಿಗಳು ಬೇಗ ಸರಿದುಹೋಗುತ್ತವೆ, ಪುಟದ ಮೇಲೆ ನಿಲ್ಲುತ್ತವೆ. ಆದ್ದರಿಂದ ಒಂದು ಕಾಗದ, ಒಂದು ಪೆನ್ಸಿಲು ಪಕ್ಕದಲ್ಲಿಟ್ಟುಕೊಂಡು ಓದಿರಿ.

ಹುದುಗಿದ ಇಂಗಾಲ ಎಂದರೇನು?

ಮನೆಯಲ್ಲಿ ದೀಪ ಹಚ್ಚಿದಾಗ, ಫ್ಯಾನು ತಿರುಗಿಸಿದಾಗ ಎಲ್ಲೋ ಒಂದು ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತದೆ. ಇದು ಮನೆ ಬಳಸುವಾಗ ಆಗುವ ಖರ್ಚು. ಇಂದು ದೀಪ ಆರಿಸಿದರೆ ಇಂದೇ ಉಳಿತಾಯ. ಆದರೆ ಇಟ್ಟಿಗೆ ಸುಡಲು, ಸಿಮೆಂಟು ತಯಾರಿಸಲು, ಉಕ್ಕು ಕರಗಿಸಲು, ಇವನ್ನೆಲ್ಲ ಲಾರಿಯಲ್ಲಿ ತರಲು ಆದ ಖರ್ಚು ನೀವು ಮನೆಗೆ ಕಾಲಿಡುವ ಮೊದಲೇ ಆಗಿಹೋಗಿರುತ್ತದೆ. ಈ ಎರಡನೆಯದನ್ನು ಹುದುಗಿದ ಇಂಗಾಲ ಎನ್ನುತ್ತೇವೆ. ಇಂಗಾಲವು ಗೋಡೆಯೊಳಗೆ ಅಡಗಿ ಕುಳಿತಿದೆ ಎಂದು ಇದರ ಅರ್ಥವಲ್ಲ. ಅದು ಆಗಲೇ ಗಾಳಿಗೆ ಸೇರಿದೆ. ಗೋಡೆಯ ಲೆಕ್ಕದ ಪುಸ್ತಕದಲ್ಲಿ ಅದರ ಬಾಬ್ತು ಬರೆದಿದೆ, ಅಷ್ಟೆ. ಮುಂದೆ ಎಷ್ಟು ದೀಪ ಆರಿಸಿದರೂ ಆ ಬಾಬ್ತು ಅಳಿಸದು.

ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟು ಒಂದರಿಂದಲೇ ಬರುತ್ತದೆ. ಭಾರತವು 2070ರ ಹೊತ್ತಿಗೆ ತನ್ನ ನಿವ್ವಳ ಇಂಗಾಲವನ್ನು ಸೊನ್ನೆಗೆ ತರುವುದಾಗಿ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಹೇಳಿದೆ. ಇಂದು ಕಟ್ಟಿದ ಮನೆ ಆಗಲೂ ನಿಂತಿರುತ್ತದೆ.

ಬೆಂಗಳೂರಿನಲ್ಲಿ ನಡೆದ ಎಣಿಕೆ

ಈ ಬಗೆಯ ಲೆಕ್ಕಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪರಂಪರೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ವಿಜ್ಞಾನ ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಕೆಲಸ. ಅಲ್ಲಿ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಬೆಳೆಸಿದರು. ಈ ಇಬ್ಬರೂ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಮ್ಮ ಕಟ್ಟಡ ಸಾಮಗ್ರಿಗಳಿಗೆ ತಗಲುವ ಶಕ್ತಿಯನ್ನು ಒಂದೊಂದಾಗಿ ಎಣಿಸಿದ್ದಾರೆ.

ಅವರ ಎಣಿಕೆಯಂತೆ ಒಂದು ಕಿಲೋ ಸಿಮೆಂಟಿಗೆ 5.85 ಮೆಗಾಜೂಲ್, ಉಕ್ಕಿಗೆ 42, ಅಲ್ಯುಮಿನಿಯಂಗೆ 236.8 ಮೆಗಾಜೂಲ್ ಶಕ್ತಿ ಬೇಕು. ಸುಟ್ಟ ಇಟ್ಟಿಗೆ ಒಂದಕ್ಕೆ 4.25 ಮೆಗಾಜೂಲ್. ಕಾಲಂ, ಬೀಮ್‌ಗಳ ಚೌಕಟ್ಟಿನ ಬಹುಮಹಡಿ ಕಟ್ಟಡದಲ್ಲಿ ಪ್ರತಿ ಚದರ ಮೀಟರ್ ನೆಲಕ್ಕೆ 4.21 ಗಿಗಾಜೂಲ್ ಖರ್ಚಾದರೆ, ಗೋಡೆಯೇ ಭಾರ ಹೊರುವ ಎರಡಂತಸ್ತಿನ ಇಟ್ಟಿಗೆ ಮನೆಯಲ್ಲಿ 2.92, ಮಣ್ಣು-ಸಿಮೆಂಟಿನ ಇಟ್ಟಿಗೆಯ ಮನೆಯಲ್ಲಿ 1.61 ಗಿಗಾಜೂಲ್ ಖರ್ಚಾಗುತ್ತದೆ. ವಾಸಕ್ಕೆ ಸಿಗುವ ಜಾಗ ಅಷ್ಟೇ, ಖರ್ಚು ಮಾತ್ರ ಅರ್ಧಕ್ಕಿಂತ ಕಡಿಮೆ.

ಹಿಂಡಲಗಾದಲ್ಲಿ ಒಂದು ಮನೆ

ಈಗ ಹಿಂಡಲಗಾದ ಒಂದು ನಿವೇಶನದಲ್ಲಿ 1000 ಚದರ ಅಡಿಯ, ಅಂದರೆ ಸುಮಾರು 93 ಚದರ ಮೀಟರಿನ, ಒಂದೇ ಅಂತಸ್ತಿನ ಮನೆ ಕಟ್ಟಬೇಕಿದೆ ಎಂದು ಭಾವಿಸಿಕೊಳ್ಳಿ. ನಕ್ಷೆಯ ಮೇಲೆ ಎಲ್ಲ ಗೋಡೆಗಳ ಉದ್ದ ಕೂಡಿಸಿದರೆ 60 ಮೀಟರ್. ಎತ್ತರ 3 ಮೀಟರ್. ಒಟ್ಟು 180 ಚದರ ಮೀಟರ್ ಗೋಡೆ. ಬಾಗಿಲು, ಕಿಟಕಿಗಳಿಗಾಗಿ 27 ಕಳೆದರೆ 153 ಚದರ ಮೀಟರ್ ಉಳಿಯಿತು.

ಮೊದಲಿಗೆ ಎಲ್ಲರೂ ಕಟ್ಟುವ ರೀತಿಯಲ್ಲೇ ಲೆಕ್ಕ ಹಾಕೋಣ.

ಒಂದು, ಗೋಡೆ. 23 ಸೆಂಟಿಮೀಟರ್ ದಪ್ಪದ ಗೋಡೆಗೆ ಸುಮಾರು 17,000 ಇಟ್ಟಿಗೆ ಬೇಕು. ಕಲ್ಲಿದ್ದಲಿನಿಂದ ಒಂದು ಮೆಗಾಜೂಲ್ ಶಾಖ ಪಡೆದರೆ ಸುಮಾರು 0.095 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 4.25ನ್ನು ಇದರಿಂದ ಗುಣಿಸಿದರೆ ಒಂದು ಇಟ್ಟಿಗೆಗೆ 0.4 ಕಿಲೋ. ಒಟ್ಟು 6,800 ಕಿಲೋ, ಅಂದರೆ 6.8 ಟನ್.

ಎರಡು, ಚೌಕಟ್ಟು. 12 ಕಾಲಂಗಳು, ಅವುಗಳ ತಳಪಾಯ, ಬೀಮ್‌ಗಳು ಸೇರಿ ಸುಮಾರು 10 ಘನ ಮೀಟರ್ ಕಾಂಕ್ರೀಟು ಎಂದಿಟ್ಟುಕೊಳ್ಳೋಣ. ಒಂದು ಘನ ಮೀಟರಿಗೆ 320 ಕಿಲೋ ಸಿಮೆಂಟು, 120 ಕಿಲೋ ಉಕ್ಕು. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟು ಕಿಲೋಗೆ ಸುಮಾರು 0.9 ಕಿಲೋ ಇಂಗಾಲದ ಡೈಆಕ್ಸೈಡ್ ಹೊತ್ತು ಬರುತ್ತದೆ. ನಮ್ಮ ದೇಶದ ಉಕ್ಕು ಸರಾಸರಿ 2.5 ಕಿಲೋ. ಹೀಗೆ ಎಣಿಸಿದರೆ 5.9 ಟನ್.

ಮೂರು, ಸ್ಲ್ಯಾಬ್. 93 ಚದರ ಮೀಟರ್, ದಪ್ಪ ಹನ್ನೆರಡೂವರೆ ಸೆಂಟಿಮೀಟರ್. ಕಾಂಕ್ರೀಟು 11.6 ಘನ ಮೀಟರ್. ಉಕ್ಕು ಘನ ಮೀಟರಿಗೆ 80 ಕಿಲೋ. ಲೆಕ್ಕ 5.7 ಟನ್.

ಮೂರೂ ಸೇರಿ 18.4 ಟನ್ ಆಯಿತು. ಗಿಲಾವು, ನೆಲಹಾಸು, ಬಣ್ಣ ಇನ್ನೂ ಸೇರಿಲ್ಲ. ಈ ಸಂಖ್ಯೆ ದೊಡ್ಡದೋ ಚಿಕ್ಕದೋ? ತಿಂಗಳಿಗೆ 100 ಯೂನಿಟ್ ವಿದ್ಯುತ್ ಬಳಸುವ ಕುಟುಂಬವನ್ನು ತೆಗೆದುಕೊಳ್ಳಿ. ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಹಿಡಿದರೆ ವರ್ಷಕ್ಕೆ 840 ಕಿಲೋ. ಹಾಗಾದರೆ ಆ ಕುಟುಂಬ 22 ವರ್ಷ ಉರಿಸುವ ದೀಪ, ತಿರುಗಿಸುವ ಫ್ಯಾನುಗಳ ಇಂಗಾಲ ಮನೆಯ ಬೀಗದ ಕೈ ಸಿಗುವ ಮೊದಲೇ ಖರ್ಚಾಗಿರುತ್ತದೆ.

ಕಡಿಮೆ ಮಾಡುವುದು ಎಲ್ಲಿ?

ಮೇಲಿನ ಮೂರು ಬಾಬ್ತುಗಳನ್ನು ಮತ್ತೆ ನೋಡಿ. ಚೌಕಟ್ಟಿನ ಇಂಗಾಲ ಸ್ಲ್ಯಾಬಿನದಕ್ಕಿಂತ ಹೆಚ್ಚು, ಗೋಡೆಯದಕ್ಕೆ ಹತ್ತಿರ. ಒಂದೇ ಅಂತಸ್ತಿನ ಸಣ್ಣ ಮನೆಗೆ ಈ ಚೌಕಟ್ಟು ಬೇಕೇ? ಕೋಣೆಗಳ ಅಗಲ 3ರಿಂದ 3.5 ಮೀಟರಿನೊಳಗೆ ಇದ್ದು, ಗೋಡೆಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿದ್ದು, ನೆಲ ಗಟ್ಟಿಯಾಗಿದ್ದರೆ ಗೋಡೆಯೇ ಭಾರ ಹೊರಬಲ್ಲದು. ನಮ್ಮ ಅಜ್ಜಂದಿರ ಮನೆಗಳು ಹೀಗೆಯೇ ನಿಂತಿವೆ. ಆದರೆ ಇದನ್ನು ನಿರ್ಧರಿಸಬೇಕಾದದ್ದು ಮೊದಲ ನಕ್ಷೆಯಲ್ಲಿ. ಹಜಾರ 6 ಮೀಟರ್ ಅಗಲ ಇರಲಿ ಎಂದು ಒಮ್ಮೆ ಗೆರೆ ಎಳೆದಿರೋ, ದಪ್ಪ ಸ್ಲ್ಯಾಬು, ದೊಡ್ಡ ಬೀಮು, ಹೆಚ್ಚು ಸಳಿ ತಾವಾಗಿಯೇ ಬರುತ್ತವೆ. ಆಮೇಲೆ ಯಾವ ಇಂಜಿನಿಯರೂ ಅವನ್ನು ತೆಗೆಯಲಾರರು. ಆಗ ಉಳಿಯುವುದು ಬಣ್ಣ, ಟೈಲುಗಳ ಆಯ್ಕೆ ಮಾತ್ರ. ಅಲ್ಲಿ ಸಿಗುವ ಉಳಿತಾಯ ಪುಡಿಗಾಸು.

ಇನ್ನು ಗೋಡೆಗೆ ಬರೋಣ. ಬೆಳಗಾವಿಗೆ ಇಟ್ಟಿಗೆ ಎಂದರೆ ಖಾನಾಪುರ ತಾಲೂಕು ನೆನಪಾಗುತ್ತದೆ. ಅಲ್ಲಿನ ಜೇಡಿಮಣ್ಣು ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಕುಂಬಾರಿಕೆ ಸಂಸ್ಥೆ ಇರುವುದೂ ಖಾನಾಪುರದಲ್ಲೇ. "ಇಟ್ಟಿಗೆ ಹತ್ತಿರದ್ದೇ ಅಲ್ಲವೇ, ಇಂಗಾಲ ಕಡಿಮೆ ಇರಬೇಕು" ಎಂದು ನಿಮಗೆ ಅನ್ನಿಸಬಹುದು. ಲೆಕ್ಕ ಹಾಕಿ. 17,000 ಇಟ್ಟಿಗೆ ತರಲು ಆರು ಲಾರಿ. ಖಾನಾಪುರದ ಕಡೆಯಿಂದ ಹೋಗಿಬರಲು 60 ಕಿಲೋಮೀಟರ್, ಲೀಟರಿಗೆ 4 ಕಿಲೋಮೀಟರಿನಂತೆ 15 ಲೀಟರ್ ಡೀಸೆಲ್. ಲೀಟರಿಗೆ ಸುಮಾರು 2.7 ಕಿಲೋ ಹಿಡಿದರೆ ಒಂದು ಲಾರಿಗೆ 40 ಕಿಲೋ, ಆರಕ್ಕೆ 240 ಕಿಲೋ. ಸುಡುವುದಕ್ಕೆ 6,800, ಸಾಗಿಸುವುದಕ್ಕೆ 240! ಇಟ್ಟಿಗೆಯ ಭಾರ ರಸ್ತೆಯಲ್ಲಿಲ್ಲ, ಭಟ್ಟಿಯಲ್ಲಿದೆ. ಭಟ್ಟಿಗೆ ಕಲ್ಲಿದ್ದಲಿನ ಬದಲು ಹೊಟ್ಟು ಅಥವಾ ಕಬ್ಬಿನ ಸಿಪ್ಪೆ ಹಾಕಿದರೆ ಲೆಕ್ಕ ಹಗುರಾಗುತ್ತದೆ. ಕಾಡಿನ ಸೌದೆ ಹಾಕಿದರೆ ಹಾಗೆನ್ನಲಾಗದು. ಕಡಿದ ಮರ ಮತ್ತೆ ಬೆಳೆದರೆ ಮಾತ್ರ ಆ ಸಾಲ ತೀರುತ್ತದೆ.

ಸುಡದ ಇಟ್ಟಿಗೆಯಾದರೆ? 23 ಸೆಂಟಿಮೀಟರ್ ಉದ್ದ, 19 ಅಗಲ, 10 ಎತ್ತರದ ಮಣ್ಣು-ಸಿಮೆಂಟಿನ ಇಟ್ಟಿಗೆ ಸುಮಾರು 8 ಕಿಲೋ ತೂಗುತ್ತದೆ. ಶೇಕಡಾ 7ರಷ್ಟು ಸಿಮೆಂಟು ಎಂದರೆ 0.55 ಕಿಲೋ. ಇಂಗಾಲದ ಡೈಆಕ್ಸೈಡ್ ಸುಮಾರು 0.5 ಕಿಲೋ. ಇದು ದೊಡ್ಡದಾದ್ದರಿಂದ 5,650 ಸಾಕು. ಒಟ್ಟು 2.8 ಟನ್.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿರಿ. ಶಕ್ತಿಯ ಲೆಕ್ಕದಲ್ಲಿ ಈ ಗೋಡೆ ಸುಟ್ಟ ಇಟ್ಟಿಗೆಯ ಗೋಡೆಯ ಕಾಲು ಭಾಗಕ್ಕಿಂತ ಕಡಿಮೆ: ಸುಮಾರು 72 ಗಿಗಾಜೂಲ್ ಎಲ್ಲಿ, 17 ಎಲ್ಲಿ! ಇಂಗಾಲದ ಲೆಕ್ಕದಲ್ಲಿ ಮಾತ್ರ ಐದರಲ್ಲಿ ಎರಡು ಭಾಗ. ಈ ವ್ಯತ್ಯಾಸವೇಕೆ? ಸಿಮೆಂಟು ಸುಣ್ಣಕಲ್ಲಿನಿಂದ ಆಗುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಕಾಯಿಸಿದರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ನೀವು ಓದಿದ ಕ್ರಿಯೆಯೇ ಇದು. ಸೌರಶಕ್ತಿಯಿಂದ ಕಾಯಿಸಿದರೂ ಇದು ತಪ್ಪದು. ಸಿಮೆಂಟಿನ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನೊಳಗಿಂದಲೇ ಬರುತ್ತದೆ, ಉಳಿದದ್ದು ಉರುವಲಿನಿಂದ. ಆದ್ದರಿಂದ ಶಕ್ತಿಯ ಲೆಕ್ಕ ಮಾಡಿ ಇಂಗಾಲದ ಲೆಕ್ಕವೂ ಆಯಿತು ಎಂದುಕೊಳ್ಳಬಾರದು.

ಇದೇ ಕಾರಣದಿಂದ ಸಿಮೆಂಟಿನ ಜಾತಿ ನೋಡುವುದು ಮುಖ್ಯ. ಉಷ್ಣ ಸ್ಥಾವರಗಳ ಹಾರುಬೂದಿ ಬೆರೆಸಿದ, ಅಂಗಡಿಯಲ್ಲಿ ಪಿಪಿಸಿ ಎಂದು ಮಾರುವ ಸಿಮೆಂಟಿನಲ್ಲಿ ಇಂಗಾಲ ಕಿಲೋಗೆ ಸುಮಾರು 0.6. ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಸಿಮೆಂಟಿನಲ್ಲಿ ಇನ್ನೂ ಕಡಿಮೆ. ಇವು ನಿಧಾನವಾಗಿ ಬಲ ಪಡೆಯುತ್ತವೆ. ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡದೆ, ನೀರುಣಿಸುವುದರಲ್ಲಿ ಜಿಪುಣತನ ತೋರದೆ ಇದ್ದರೆ ಸಾಕು.

ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವ ಕೆಲಸವನ್ನು ಹೆಚ್ಚಾಗಿ ಮಾಡುವುದಿಲ್ಲ. ಅಲ್ಲಿ ಎಳೆತವನ್ನು ತಡೆಯುವುದು ಉಕ್ಕಿನ ಸಳಿ. ಸಳಿಗಳ ನಡುವಿನ ಆ ಜಾಗದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಇಟ್ಟು ಕಾಂಕ್ರೀಟು ಉಳಿಸುವ ಫಿಲ್ಲರ್ ಸ್ಲ್ಯಾಬ್ ವಿಧಾನವನ್ನು ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. ಐದನೆಯ ಒಂದು ಭಾಗ ಕಾಂಕ್ರೀಟು ಉಳಿಯಿತು ಎಂದರೆ ಸ್ಲ್ಯಾಬ್ ಹಗುರಾಗಿ ಸಳಿಯೂ ಸ್ವಲ್ಪ ಇಳಿಯುತ್ತದೆ. ಪಿಪಿಸಿ ಸಿಮೆಂಟಿನೊಡನೆ ಸ್ಲ್ಯಾಬಿನ ಲೆಕ್ಕ 5.7ರಿಂದ 3.8 ಟನ್ನಿಗೆ ಬರುತ್ತದೆ.

ಈಗ ಎರಡನೆಯ ಮನೆಯ ಒಟ್ಟು ನೋಡೋಣ. ಗೋಡೆ 2.8, ಗೋಡೆಯ ಕೆಳಗೆ ಕಲ್ಲಿನ ತಳಪಾಯದ ಗಾರೆಗೆ 1.4, ಗೋಡೆಗಳನ್ನು ಸುತ್ತಿ ಬಿಗಿಯುವ ಕಾಂಕ್ರೀಟ್ ಪಟ್ಟಿಗಳಿಗೆ 0.8, ಸ್ಲ್ಯಾಬಿಗೆ 3.8. ಕೂಡಿದರೆ 8.8 ಟನ್. ಮೊದಲಿನದು 18.4. ಅದೇ ನಿವೇಶನ, ಅದೇ ಕೋಣೆಗಳು. ಲೆಕ್ಕ ಅರ್ಧಕ್ಕಿಂತ ಕಡಿಮೆಯಾಯಿತು.

ಕೆಂಪು ಕಲ್ಲಿನ ಮಾತು

ಬೆಳಗಾವಿ, ಖಾನಾಪುರದ ಕಡೆಯ ಹಳೆಯ ಮನೆಗಳಲ್ಲಿ ಕೆಂಪು ಕಲ್ಲಿನ ಗೋಡೆ ಕಾಣುತ್ತೇವೆ. ಜಂಬಿಟ್ಟಿಗೆ ಎಂದು ಪುಸ್ತಕಗಳಲ್ಲಿ ಕರೆಯುವ ಈ ಕಲ್ಲು ಅಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಭಟ್ಟಿಯೇ ಬೇಡ. ಇದರ ಇಂಗಾಲವೆಲ್ಲ ಕೊಯ್ಯುವ ಯಂತ್ರದಲ್ಲಿ ಮತ್ತು ಲಾರಿಯಲ್ಲಿ. ನಮ್ಮ ಮನೆಗೆ ಸುಮಾರು 70 ಟನ್ ಕಲ್ಲು, ಎಂಟು ಲಾರಿ ಬೇಕಾದೀತು. 30 ಕಿಲೋಮೀಟರ್ ದೂರದಿಂದ ತಂದರೆ ಸಾಗಣೆಗೆ 0.3 ಟನ್. 200 ಕಿಲೋಮೀಟರ್ ದೂರದಿಂದ ತಂದರೆ 2 ಟನ್ ದಾಟುತ್ತದೆ. ಆಗ ಮಣ್ಣಿನ ಇಟ್ಟಿಗೆಗೂ ಅದಕ್ಕೂ ಹೆಚ್ಚು ಅಂತರ ಉಳಿಯದು. ಸುಡದ ಭಾರದ ವಸ್ತುವಿಗೆ ದೂರವೇ ಬೆಲೆ, ಸುಟ್ಟ ವಸ್ತುವಿಗೆ ಬೆಂಕಿಯೇ ಬೆಲೆ ಎಂಬ ಸೂತ್ರ ನೆನಪಿಡಿ. ಅನುಮತಿ ಇಲ್ಲದೆ ಗುಡ್ಡ ಅಗೆದು ತಂದ ಕಲ್ಲಿನಿಂದ ಇಂಗಾಲ ಉಳಿಸಿದೆವು ಎನ್ನುವುದೂ ಸಲ್ಲದು.

ಕಿಟಕಿಗೂ ಒಂದು ಮಾತು. ಬೆಳಗಾವಿಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ ತೆಗೆಯುವ ದೊಡ್ಡ ಕಾರ್ಖಾನೆ ಇದೆ. ಆ ಬಿಳಿ ಪುಡಿಯನ್ನು ಲೋಹವಾಗಿಸಲು ಕಿಲೋ ಒಂದಕ್ಕೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಬಹುತೇಕ ಕಲ್ಲಿದ್ದಲಿನ ವಿದ್ಯುತ್ತಿನಿಂದ ತಯಾರಾದ ಹೊಸ ಅಲ್ಯುಮಿನಿಯಂ ಚೌಕಟ್ಟಿಗಿಂತ, ಹಳೆಯ ಮನೆಯಿಂದ ಬಿಚ್ಚಿದ ಸಾಗವಾನಿ ಚೌಕಟ್ಟು ಎಷ್ಟೋ ಹಗುರ.

ಅಗ್ಗದ ಉಳಿತಾಯ ಬೇಡ

ಇಷ್ಟು ಓದಿದ ಮೇಲೆ "ಹಾಗಾದರೆ ಸಿಮೆಂಟು, ಸಳಿ ಬಿಟ್ಟೇ ಕಟ್ಟೋಣ" ಎಂದು ಯಾರಾದರೂ ಹೊರಟರೆ ಅದು ಅಪಾಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ, ಲಾತೂರ್ ಸುತ್ತ ಭೂಮಿ ನಡುಗಿತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. ಆ ಗೋಡೆಗಳನ್ನು ಸುತ್ತಿ ಹಿಡಿಯುವ ಪಟ್ಟಿ ಇರಲಿಲ್ಲ. ನಮ್ಮ ಎರಡನೆಯ ಮನೆಯಲ್ಲಿ ಪಟ್ಟಿಗಳಿಗೆಂದು ಇಟ್ಟ 0.8 ಟನ್ ಅದಕ್ಕಾಗಿಯೇ. ಎಲ್ಲ ಉಳಿತಾಯದಲ್ಲೂ ಮುಟ್ಟಬಾರದ ಬಾಬ್ತು ಅದು. ಭಾರ ಹೊರುವ ಗೋಡೆಯನ್ನು ಮನಬಂದಂತೆ ಒಡೆಯಲೂ ಬಾರದು. ಮುಂದೆ ಎರಡು ಮೂರು ಮಹಡಿ ಏರಿಸುವುದು ಖಂಡಿತ ಎಂದಾದರೆ ಚೌಕಟ್ಟೇ ಸರಿಯಾಗಬಹುದು. ಇಂಜಿನಿಯರ್ ನೋಡಿಯೇ ಹೇಳಬೇಕು.

ಮಣ್ಣೂ ಎಲ್ಲವೂ ಒಂದೇ ಅಲ್ಲ. ಒತ್ತಿದ ಇಟ್ಟಿಗೆಗೆ ಮರಳಿನಂಶ ಹೆಚ್ಚಾಗಿರುವ ಕೆಂಪು ಮಣ್ಣು ಒಳ್ಳೆಯದು. ಬೈಲಹೊಂಗಲ, ಸವದತ್ತಿ ಕಡೆಯ ಎರೆಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಹಾಗೆಯೇ ಬಳಸಲಾಗದು. ಇಟ್ಟಿಗೆಯನ್ನು ಒತ್ತಿದ ಮೇಲೆ ಮೂರು ವಾರವಾದರೂ ತೇವದಲ್ಲಿಡಬೇಕು. ಭಾರತೀಯ ಮಾನಕ ಸಂಸ್ಥೆಯ 1725ನೆಯ ಸಂಖ್ಯೆಯ ಮಾನಕ ಇದಕ್ಕೆಂದೇ ಇದೆ. ಹಿಂಡಲಗಾ ಪಶ್ಚಿಮ ಘಟ್ಟದ ಮಳೆಗೆ ಹತ್ತಿರ. ಇಲ್ಲಿ ಅಡಿಪಾಯ ನೆಲದಿಂದ ಎತ್ತರವಾಗಿರಬೇಕು, ಚಾವಣಿಯ ಅಂಚು ಗೋಡೆಯಿಂದ ಚೆನ್ನಾಗಿ ಹೊರಚಾಚಿರಬೇಕು. ಮಳೆಯ ಗೋಡೆಗೆ ಸುಟ್ಟ ಇಟ್ಟಿಗೆಯೇ ಇರಲಿ ಎನ್ನುವವರಿಗೂ ದಾರಿಯಿದೆ. ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ರ್‍ಯಾಟ್ ಟ್ರ್ಯಾಪ್ ವಿಧಾನದಲ್ಲಿ ನಾಲ್ಕರಲ್ಲಿ ಒಂದು ಇಟ್ಟಿಗೆ ಉಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು 1.7 ಟನ್. ಗೌಂಡಿಗೆ ಮೊದಲೇ ತೋರಿಸಿ ಕಲಿಸಬೇಕು, ಅಷ್ಟೆ.

ನೀವೇ ಮಾಡಿ ನೋಡಿ

ಈ ಲೇಖನದ ಅಂಕಿಗಳು ಅಂದಾಜಿನವು. ಭಟ್ಟಿಯಿಂದ ಭಟ್ಟಿಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಅವು ಬದಲಾಗುತ್ತವೆ. ಹಾಗಿದ್ದರೂ 18 ಮತ್ತು 9ರ ನಡುವಿನ ಅಂತರವನ್ನು ಆ ಸಣ್ಣ ಬದಲಾವಣೆಗಳು ಮುಚ್ಚಲಾರವು. ನಕ್ಷೆಯ ಹಂತದಲ್ಲಿ ನಮಗೆ ಬೇಕಾದದ್ದು ದಶಮಾಂಶದ ನಿಖರತೆಯಲ್ಲ, ಯಾವ ದಾರಿ ಹಗುರ ಎಂಬ ತಿಳಿವಳಿಕೆ.

ಒಂದು ಟೇಪು ತೆಗೆದುಕೊಂಡು ನಿಮ್ಮ ತರಗತಿಯ ಕೋಣೆಯನ್ನು ಅಳೆಯಿರಿ. ಗೋಡೆಯ ಚದರಳತೆ, ಸ್ಲ್ಯಾಬಿನ ಘನ ಅಳತೆ ಬರೆದುಕೊಳ್ಳಿ. ಇಟ್ಟಿಗೆಗೆ 0.4, ಸಿಮೆಂಟಿಗೆ 0.9, ಉಕ್ಕಿಗೆ 2.5 ಎಂಬ ಮೂರು ಸಂಖ್ಯೆಗಳಿಂದ ಗುಣಿಸಿ. ಆಮೇಲೆ ಅದೇ ಕೋಣೆಯನ್ನು ಇನ್ನೊಂದು ರೀತಿಯಲ್ಲಿ ಕಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ಎಣಿಸಿ. ಮನೆಯಲ್ಲಿ ಹೊಸ ಮನೆಯ ಮಾತು ನಡೆದಿದ್ದರೆ ಆ ಕಾಗದವನ್ನು ಅಪ್ಪ, ಅವ್ವನ ಮುಂದೆ ಇಡಿ. ನಕ್ಷೆ ಪೆನ್ಸಿಲಿನಲ್ಲಿ ಇರುವಾಗಲೇ ಇಡಿ. ಆಗ ಒಂದು ಗೆರೆಯನ್ನು ರಬ್ಬರಿನಿಂದ ಅಳಿಸಬಹುದು. ಕಾಂಕ್ರೀಟು ಸುರಿದ ಮೇಲೆ ಅದನ್ನು ಅಳಿಸುವ ರಬ್ಬರು ಯಾರ ಬಳಿಯೂ ಇಲ್ಲ.